ಜಲಗಾರನ ಮರಿಗೆಯೂ ಆಕಾಶದ ಕಣ್ಣೂ

ಶ್ರವಣಬೆಳಗೊಳದ ಬೆಟ್ಟಗಳ ಮೇಲೂ ಊರಿನೊಳಗೂ ಇರುವ ಶಾಸನಗಳನ್ನು ಓದುವವರಿಗೆ ಪದೇ ಪದೇ ಎದುರಾಗುವ ಮಾತುಗಳಲ್ಲಿ ಗದ್ಯಾಣವೆಂಬುದೊಂದು. ಗೊಮ್ಮಟಸ್ವಾಮಿಯ ನಿತ್ಯಾಭಿಷೇಕದ ಹಾಲಿಗೆಂದು ಒಬ್ಬರು, ಪೂಜೆಯ ಹೂವಿಗೆಂದು ಮತ್ತೊಬ್ಬರು ಇಷ್ಟಿಷ್ಟು ಗದ್ಯಾಣಗಳನ್ನು ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ಸೇವೆ ಆಚಂದ್ರಾರ್ಕವಾಗಿ ನಡೆಯಬೇಕೆಂದು ಬರೆಯಿಸಿರುವರು. ಬಿ. ಎಲ್. ರೈಸ್ ಅವರು 1889ರಲ್ಲಿಯೂ ಆರ್. ನರಸಿಂಹಾಚಾರ್ಯರು 1923ರಲ್ಲಿಯೂ ಈ ಶಾಸನಗಳನ್ನು ಪ್ರಕಟಿಸಿದ ಮೇಲೆ ಕೊಟ್ಟವರ ಹೆಸರು, ಕೊಂಡವರ ಹೆಸರು, ಸಾಕ್ಷಿಗಳ ಹೆಸರು ಎಲ್ಲವೂ ಲೋಕಕ್ಕೆ ತಿಳಿದುವು. ಆದರೆ ಆ ಹೊನ್ನು ಯಾವ ಹಳ್ಳದ ಮರಳಿನಿಂದ ಬಂದಿತು, ಯಾವ ಗುಂಡಿಯ ಕಲ್ಲನ್ನು ಕುಟ್ಟಿ ತೆಗೆದುದು, ಅದನ್ನು ತೊಳೆದ ಕೈಗಳು ಯಾರವು ಎಂಬುದನ್ನು ಈ ದಾನಶಾಸನಗಳು ಹೇಳುವುದಿಲ್ಲ. ಚಿನ್ನದ ಚರಿತ್ರೆಯೆಂದರೆ ಬಹುಮಟ್ಟಿಗೆ ಅದನ್ನು ಧರಿಸಿದವರ ಮತ್ತು ದಾನಮಾಡಿದವರ ಚರಿತ್ರೆ. ಅದನ್ನು ನೆಲದಿಂದ ತೆಗೆದವರು ತಮ್ಮ ಕಥೆಯನ್ನು ಬರೆದಿಟ್ಟವರಲ್ಲ. ಅವರನ್ನು ಹೊರಗಿನಿಂದ ನೋಡಿದವರು ಬರೆದುದರಿಂದ ಮಾತ್ರ ಅವರ ಸುಳಿವು ದೊರೆಯುತ್ತದೆ. ಹಾಗೆ ನೋಡಿದವರಲ್ಲಿ ಮೋಜಣಿಯ ಅಧಿಕಾರಿಯುಂಟು, ಭೂವಿಜ್ಞಾನಿಯುಂಟು, ಕಾನೂನನ್ನು ನಡೆಯಿಸುವವನುಂಟು. ಈಚೆಗೆ ಭೂಮಿಯನ್ನು ಸುತ್ತುತ್ತಿರುವ ಕೃತಕ ಉಪಗ್ರಹವೂ ಆ ಸಾಲಿಗೆ ಸೇರಿದೆ. ಈ ನೋಟಗಳಲ್ಲಿ ಪ್ರತಿಯೊಂದೂ ಏನನ್ನು ಕಂಡಿತು, ಏನನ್ನು ಕಾಣದೆ ಹೋಯಿತು ಎಂಬುದು ವಿಚಾರಾರ್ಹವಾಗಿದೆ.

ಮೊದಲು ನೆಲದ ಸಾಕ್ಷ್ಯವನ್ನು ಕೇಳಬೇಕು. ಮೈಸೂರು ಸೀಮೆಯ ಚಿನ್ನವೆಲ್ಲ ಕರಿಯ ಮತ್ತು ಹಸುರು ಬಣ್ಣದ ಅತಿಪ್ರಾಚೀನ ಶಿಲೆಗಳ ಉದ್ದುದ್ದವಾದ ಪಟ್ಟಿಗಳಲ್ಲಿ ಅಡಗಿದೆ. ಹಾಸನ ಜಿಲ್ಲೆಯಲ್ಲಿ ಅಂಥ ಪಟ್ಟಿಗಳು ಎರಡು ಪ್ರಸಿದ್ಧವಾಗಿವೆ. ಹೊಳೆನರಸೀಪುರದ ಪಟ್ಟಿಯು 300 ಕೋಟಿ ವರ್ಷಗಳಿಗಿಂತಲೂ ಹಳೆಯದೆಂದು ಭೂವಿಜ್ಞಾನಿಗಳು ಎಣಿಸಿರುವರು. ನುಗ್ಗೇಹಳ್ಳಿಯ ಪಟ್ಟಿಯು ದಕ್ಷಿಣದಲ್ಲಿ ಕೆಂಪಿನಕೋಟೆಯಿಂದ ಹೊರಟು ಉತ್ತರದಲ್ಲಿ ಅರಸೀಕೆರೆಯ ಕಡೆಗೆ ಸುಮಾರು 60 ಕಿಲೋಮೀಟರಿನಷ್ಟು ಹರಡಿಕೊಂಡಿದೆ. ಬೈರಾಪುರದ ಕ್ರೋಮೈಟ್ ಅದಿರು ದೊರೆತುದು ಈ ಪಟ್ಟಿಯಲ್ಲಿಯೇ. ಕೆಂಪಿನಕೋಟೆಯಲ್ಲಿ ಪೂರ್ವಕಾಲದವರು ಚಿನ್ನಕ್ಕಾಗಿ ತೋಡಿದ ಗುಂಡಿಗಳಿದ್ದುವು. ಆಂಗ್ಲರ ಕಾಲದಲ್ಲಿ ಅವುಗಳ ಜಾಡನ್ನು ಹಿಡಿದು ಹೊಸ ಗಣಿಯನ್ನು ಇಳಿಸುವ ಯತ್ನವೂ ನಡೆಯಿತು. ಆದರೆ ಕೋಲಾರಕ್ಕೆ ಬಂದ ಭಾಗ್ಯ ಕೆಂಪಿನಕೋಟೆಗೆ ಬರಲಿಲ್ಲ. ಆ ಪೂರ್ವಕಾಲದವರು ಯಾರೆಂದು ಊರಿನವರೂ ಹೇಳಲಾರರು, ಪುಸ್ತಕಗಳೂ ಹೇಳಲಾರವು.

ಅವರ ಸಾಹಸವೆಷ್ಟೆಂಬುದನ್ನು ರಾಯಚೂರು ಸೀಮೆಯ ಹಟ್ಟಿಯಲ್ಲಿ ಚೆನ್ನಾಗಿ ಕಾಣಬಹುದು. ಅಲ್ಲಿಯ ಹಳೆಯ ತೋಡುಗಳು 640 ಅಡಿಗಳ ಆಳಕ್ಕೆ ಇಳಿದಿದ್ದುವು. ಸಿಡಿಮದ್ದು ಇಲ್ಲದ ಕಾಲ. ಬಂಡೆಗೆ ಬೆಂಕಿಯನ್ನು ಒಡ್ಡಿ, ಕಾದ ಕಲ್ಲು ಬಿರಿದ ಮೇಲೆ ಅದನ್ನು ಎಬ್ಬಿಸಿ ತೆಗೆಯುವುದು ಆಗಿನ ಕ್ರಮವಾಗಿದ್ದಿತು. ಆಳದಲ್ಲಿ ದೊರೆತ ಇದ್ದಲೂ ಬೂದಿಯೂ ಇದಕ್ಕೆ ಸಾಕ್ಷಿ. ಅಲ್ಲಿ ದೊರೆತ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಅವು ಸುಮಾರು 2000 ವರ್ಷಗಳ ಹಿಂದಿನವೆಂದು ತಿಳಿದುಬಂದಿತು. ಮೇಲೆ ತಂದ ಕಲ್ಲನ್ನು ಬಂಡೆಯ ಕುಳಿಗಳಲ್ಲಿ ಅರೆದು ಪುಡಿಮಾಡಿ ನೀರಿನಲ್ಲಿ ತೊಳೆಯುತ್ತಿದ್ದರು. ಆ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಮೊದಲು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಚಿನ್ನವನ್ನು ಹುಡುಕಲು ಹೋದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು. ಆ ಚಕ್ರವರ್ತಿಯ ಕಾಲದಲ್ಲಿ ಗುಂಡಿಗೆ ಇಳಿದವರ ಹೆಸರು ಮಾತ್ರ ಸಿಕ್ಕಲಿಲ್ಲ.

ಹೆಸರು ಸಿಕ್ಕದಿದ್ದರೂ ಕಸುಬಿನ ಹೆಸರು ಉಳಿದಿದೆ. ಹಳ್ಳದ ಮಣ್ಣನ್ನು ತೊಳೆದು ಹೊನ್ನಿನ ಕಣಗಳನ್ನು ಆಯುವವನು ಜಲಗಾರ. ಮಳೆ ಬಂದು ಹಳ್ಳ ಹರಿದು ಇಳಿದ ಮೇಲೆ ಇವನ ಕೆಲಸ ಮೊದಲಾಗುತ್ತಿದ್ದಿತು. ತಿರುವಿನಲ್ಲಿ ತಂಗಿದ ಮರಳನ್ನೂ ಮಣ್ಣನ್ನೂ ಮರದ ಮರಿಗೆಯಲ್ಲಿ ತುಂಬಿ, ನೀರಿನಲ್ಲಿ ಅಲುಗಿಸಿ ಅಲುಗಿಸಿ ಹಗುರವಾದುದನ್ನೆಲ್ಲ ಹರಿಯಬಿಟ್ಟರೆ ತಳದಲ್ಲಿ ಕರಿಯ ಮರಳು ನಿಲ್ಲುವುದು. ಅದರೊಳಗೆ ಕಣ್ಣಿಗೆ ಕಂಡೂ ಕಾಣದಂತೆ ಎರಡೋ ಮೂರೋ ಹೊಳೆಯುವ ಕಣಗಳು. ಧಾರವಾಡ ಸೀಮೆಯ ಕಪ್ಪತಗುಡ್ಡದ ಸುತ್ತ ಈ ಕಸುಬು ನಡೆಯುತ್ತಿದ್ದುದನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿರುವನು. ಬೇಸಾಯದ ಕೆಲಸ ಇಲ್ಲದ ದಿನಗಳಲ್ಲಿ ಒಂದು ಹೊತ್ತಿನ ಕೂಳಿಗೆ ಆಗುವಷ್ಟನ್ನು ಕೊಡುತ್ತಿದ್ದ ಈ ದುಡಿಮೆ ಯಾರನ್ನೂ ಶ್ರೀಮಂತರನ್ನಾಗಿ ಮಾಡಿದುದಿಲ್ಲ. ಕನ್ನಡದಲ್ಲಿ ಜಲಗಾರನೆಂಬ ಮಾತಿಗೆ ಕಸ ಗುಡಿಸುವವನೆಂಬ ಅರ್ಥವೂ ಉಂಟು. ಕುವೆಂಪು ಅವರ ‘ಜಲಗಾರ’ ನಾಟಕದಿಂದ ವಾಚಕರಿಗೆ ಪರಿಚಿತವಾಗಿರುವುದು ಈ ಅರ್ಥವೇ. ಹೊನ್ನನ್ನು ತೊಳೆಯುವವನಿಗೂ ಬೀದಿಯನ್ನು ಗುಡಿಸುವವನಿಗೂ ಒಂದೇ ಹೆಸರು ಸಂದಿರುವುದರಲ್ಲಿ ಆ ಕಸುಬಿಗೆ ಸಮಾಜವು ಕೊಟ್ಟ ಸ್ಥಾನವು ಗೋಚರವಾಗುತ್ತದೆ.

ಈ ಜನರ ಮೇಲೆ ಸರ್ಕಾರದ ಕಣ್ಣು ಬಿದ್ದ ಪ್ರಸಂಗಗಳಲ್ಲಿ 1802ರ ಸಂಗತಿ ಮುಖ್ಯವಾದುದು. ಶ್ರೀರಂಗಪಟ್ಟಣವು ಬಿದ್ದ ಮೂರು ವರ್ಷಗಳ ಮೇಲೆ ಲೆಫ್ಟೆನೆಂಟ್ ಜಾನ್ ವಾರನ್ ಎಂಬವನು ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದನು. ಎರ್ರಕೊಂಡದ ಬಳಿ ನೆಲದಲ್ಲಿ ಚಿನ್ನವಿದೆಯೆಂಬ ವದಂತಿ ಅವನ ಕಿವಿಗೆ ಬಿದ್ದಿತು. ಬಳಿಯಲ್ಲಿ ಮೋಜಣಿಯ ಸರಪಣಿಯೂ ದುರ್ಬೀನೂ ಇದ್ದರೂ ಅವುಗಳಿಂದ ಚಿನ್ನವನ್ನು ಕಾಣುವ ಹಾಗಿರಲಿಲ್ಲ. ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದನು. ಉರಿಗಾಂ ಗ್ರಾಮದವರು ಮುಂದೆ ಬಂದರು. ಅವನೆದುರಿಗೇ ಹೆಂಗಸರು ಮಣ್ಣನ್ನು ತೊಳೆದು ಕಣಗಳನ್ನು ತೆಗೆದು ತೋರಿಸಿದರು. ಮಾರಿಕುಪ್ಪದಲ್ಲಿ 30 ಅಡಿ, 45 ಅಡಿ ಆಳದ ಗುಂಡಿಗಳಿಗೆ ಜನರು ಇಳಿದು ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ತರುವುದನ್ನೂ, ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುವುದನ್ನೂ ಅವನು ಕಂಡು ಬರೆದಿಟ್ಟನು. ಅವನ ವರದಿಯು ಮುದ್ರಿತವಾಗಿ, ಬಹುಕಾಲದ ಮೇಲೆ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನ ಕೈಗೆ ಸಿಕ್ಕಿತು. ಆತನು 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿಯನ್ನು ಸಲ್ಲಿಸಿ 1875ರಲ್ಲಿ ಗಣಿಯ ಹಕ್ಕನ್ನು ಪಡೆದನು. 1880ರಲ್ಲಿ ಜಾನ್ ಟೇಲರ್ ಕಂಪೆನಿಯು ಪ್ರವೇಶಿಸಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಅಲ್ಲಿಗೆ ಹರಿಯಿತು. ಗಣಿಗಳು 3 ಕಿಲೋಮೀಟರಿಗೂ ಆಳವಾಗಿ ಇಳಿದುವು. ಮುಚ್ಚುವ ಹೊತ್ತಿಗೆ ಅಲ್ಲಿಂದ ಬಂದ ಚಿನ್ನವು ಸುಮಾರು 800 ಟನ್ನು. ಇಷ್ಟೊಂದು ಸಂಪತ್ತಿಗೆ ದಾರಿ ತೋರಿಸಿದುದು ಉರಿಗಾಮಿನ ಹೆಂಗಸರ ಕೈಯ ಮರಿಗೆ. ಕಂಪೆನಿಗಳವರು ಎಲ್ಲಿ ತೋಡಬೇಕೆಂಬುದನ್ನು ತಿಳಿಯಲು ಹಳೆಯ ಗುಂಡಿಗಳನ್ನೇ ಅರಸಿದರು. 1887ರಲ್ಲಿ ಮೈಸೂರು ಸರ್ಕಾರದ ಪರವಾಗಿ ಸಂಸ್ಥಾನವನ್ನು ಸುತ್ತಿದ ಫೂಟ್ ಸಹ ಹಳೆಯ ತೋಡುಗಳನ್ನೂ ಜಲಗಾರರು ತೊಳೆಯುವ ಹಳ್ಳಗಳನ್ನೂ ಗುರುತುಮಾಡಿಕೊಂಡೇ ಮುಂದುವರಿದನು. 1894ರಲ್ಲಿ ಸ್ಥಾಪಿತವಾದ ಮೈಸೂರಿನ ಭೂವಿಜ್ಞಾನ ಇಲಾಖೆಯ ಮೊದಲ ವರ್ಷಗಳ ಶ್ರಮವೂ ಬಹುವಾಗಿ ಚಿನ್ನದ ಶೋಧಕ್ಕೇ ಸಂದಿತು.

ಆದರೆ ದಾರಿ ತೋರಿಸಿದವನು ದಾರಿಯಿಂದ ಹೊರಗಾಗುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ನೆಲದೊಳಗಿನ ಚಿನ್ನಕ್ಕೆ ಹಕ್ಕುಪತ್ರವೆಂಬುದು ಬಂದ ಮೇಲೆ, ಹಕ್ಕುಪತ್ರವಿಲ್ಲದೆ ತೋಡುವುದು ಅಪರಾಧವಾಯಿತು. ಸ್ವತಂತ್ರ ಭಾರತದಲ್ಲಿ 1957ರ ಗಣಿ ಮತ್ತು ಖನಿಜಗಳ ಕಾಯಿದೆಯು ಪರವಾನಗಿ ಅಥವಾ ಗುತ್ತಿಗೆಯಿಲ್ಲದ ಗಣಿಗಾರಿಕೆಯನ್ನು ನಿಷೇಧಿಸಿತು. ದೊಡ್ಡ ಯಂತ್ರಗಳನ್ನು ತಂದು ಬೆಟ್ಟವನ್ನೇ ಕೊರೆಯುವವನನ್ನು ತಡೆಯಲು ಇಂಥ ಕಾಯಿದೆಯು ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದೇ ಕಾಯಿದೆಯ ದೃಷ್ಟಿಯಲ್ಲಿ ಅವನೂ ಮರಿಗೆ ಹಿಡಿದ ಜಲಗಾರನೂ ಒಂದೇ ಸಾಲಿನಲ್ಲಿ ನಿಂತರು. ಕೋಲಾರದ ಗಣಿಗಳು 1956ರಲ್ಲಿ ಸರ್ಕಾರದ ಸ್ವತ್ತಾಗಿ, 2001ರ ಫೆಬ್ರವರಿ 28ರಂದು ಮುಚ್ಚಿಹೋದುವು. ಆ ಬಳಿಕವೂ ಆಸೆಯು ಮುಚ್ಚಲಿಲ್ಲ. 2020ರ ಮೇ ತಿಂಗಳಿನಲ್ಲಿ ಮಾರಿಕುಪ್ಪದ ಪಾಳುಬಿದ್ದ ಗಣಿಯೊಂದಕ್ಕೆ ಅದಿರಿಗಾಗಿ ಕದ್ದು ಇಳಿದವರಲ್ಲಿ ಮೂವರು ಪ್ರಾಣಬಿಟ್ಟರು. ವಾರನ್ನನು 1802ರಲ್ಲಿ ಜನರು ಗುಂಡಿಗೆ ಇಳಿಯುವುದನ್ನು ಕಂಡ ಊರು ಇದೇ. ಎರಡು ನೂರು ವರ್ಷಗಳಲ್ಲಿ ಊರು ಬದಲಾಗಿದೆ, ಕಾನೂನು ಬದಲಾಗಿದೆ. ಬಡವನು ಚಿನ್ನಕ್ಕಾಗಿ ಕತ್ತಲೆಗೆ ಇಳಿಯುವುದು ಬದಲಾಗಿಲ್ಲ.

ಇನ್ನು ಆಕಾಶದ ಕಣ್ಣಿನ ವಿಚಾರ. ಹಾಸನದವರಿಗೆ ಉಪಗ್ರಹವೆಂಬುದು ದೂರದ ಮಾತಲ್ಲ. 1982ರಿಂದ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಲ್ಲಿ ದೇಶದ ಇನ್ಸಾಟ್ ಮೊದಲಾದ ಉಪಗ್ರಹಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಕೆಲಸವು ನಡೆಯುತ್ತ ಬಂದಿದೆ. ಆದರೆ ಆ ಉಪಗ್ರಹಗಳು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆ ಸಮನಾಗಿ ಸುತ್ತುತ್ತ, ವಾರ್ತೆಯನ್ನು ಸಾಗಿಸುವುದಕ್ಕೂ ಮೋಡಗಳನ್ನು ನೋಡುವುದಕ್ಕೂ ನಿಯೋಜಿತವಾದವು. ಹೊಲ ಗದ್ದೆ ಗುಂಡಿಗಳ ಚಿತ್ರವನ್ನು ತೆಗೆಯುವವು ಬೇರೆ. ಅವು ಕೆಲವು ನೂರು ಕಿಲೋಮೀಟರುಗಳ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಅಮೆರಿಕದವರು 1972ರಲ್ಲಿ ಮೊದಲನೆಯ ಲ್ಯಾಂಡ್‌ಸ್ಯಾಟನ್ನು ಹಾರಿಸಿದರು. ಭಾರತದ ಐ.ಆರ್.ಎಸ್. 1ಎ 1988ರ ಮಾರ್ಚ್ 17ರಂದು ಹಾರಿತು.

ಇವುಗಳ ನೋಟದ ಸೂಕ್ಷ್ಮತೆಯನ್ನು ರೈತರ ಅಳತೆಯಲ್ಲಿ ಹೇಳಿದರೆ ಮನದಟ್ಟಾಗುವುದು. ಉಪಗ್ರಹದ ಚಿತ್ರವು ಚದರಂಗದ ಹಾಸಿನಂತೆ ಸಣ್ಣ ಸಣ್ಣ ಚೌಕಗಳಿಂದ ಆದುದು. ಒಂದು ಚೌಕಕ್ಕಿಂತ ಕಿರಿದಾದುದು ಅದರಲ್ಲಿ ಪ್ರತ್ಯೇಕವಾಗಿ ಕಾಣಿಸದು. ಮೊದಲನೆಯ ಲ್ಯಾಂಡ್‌ಸ್ಯಾಟಿನ ಒಂದು ಚೌಕವೆಂದರೆ ಸುಮಾರು ಒಂದೂವರೆ ಎಕರೆ. ಐ.ಆರ್.ಎಸ್. 1ಎಯ ಸೂಕ್ಷ್ಮ ಕ್ಯಾಮರಾದಲ್ಲಿ ಅದು 13 ಗುಂಟೆಗೆ ಇಳಿಯಿತು. ಯೂರೋಪಿನವರು 2015ರಲ್ಲಿ ಹಾರಿಸಿದ ಸೆಂಟಿನೆಲ್ 2ರಲ್ಲಿ ಚೌಕವೊಂದು ಹೆಚ್ಚುಕಡಮೆ ಒಂದು ಗುಂಟೆಯಷ್ಟೇ. 2005ರ ಭಾರತದ ಕಾರ್ಟೋಸ್ಯಾಟ್ 1 ಒಂದು ಗುಂಟೆಯನ್ನು ಹದಿನಾರು ಪಾಲುಮಾಡಿ ನೋಡಬಲ್ಲುದಾಗಿದ್ದಿತು. 2019ರ ಕಾರ್ಟೋಸ್ಯಾಟ್ 3ಕ್ಕೆ ಒಂದಡಿಯ ವಸ್ತುವೂ ಗೋಚರ.

ಗಣಿಯ ಗುರುತನ್ನು ಹಿಡಿಯುವ ಬಗೆಯೂ ಕುತೂಹಲಕರವಾದುದು. ಹಸುರೆಲೆಯು ಸೂರ್ಯನ ಕೆಂಪು ಬೆಳಕನ್ನು ಹೀರಿಕೊಂಡು, ಮನುಷ್ಯನ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೇರಳವಾಗಿ ಹಿಂದಕ್ಕೆ ಎಸೆಯುತ್ತದೆ; ಹೊಸದಾಗಿ ಅಗೆದ ಮಣ್ಣು ಹಾಗೆ ಮಾಡುವುದಿಲ್ಲ. ತಿಳಿನೀರಿನ ಹೊಳಪೊಂದು ಬಗೆ, ಕೆಸರುನೀರಿನದು ಇನ್ನೊಂದು ಬಗೆ. ಒಂದೇ ಸ್ಥಳದ ಎರಡು ಕಾಲದ ಚಿತ್ರಗಳನ್ನು ಹೋಲಿಸಿ, ಕಾಡಿದ್ದಲ್ಲಿ ಬರಿಯ ಮಣ್ಣೂ ತಿಳಿಯಾದ ಹೊಳೆಯ ಪಕ್ಕದಲ್ಲಿ ಕೆಸರಿನ ಹೊಂಡಗಳ ಸಾಲೂ ತೋರಿದರೆ, ಅಲ್ಲಿ ಯಾರೋ ನೆಲವನ್ನು ತೊಳೆಯುತ್ತಿರುವರೆಂದು ಊಹಿಸಬಹುದು. ಮೋಡ ಕವಿದ ಕಾಲಕ್ಕೆ ರೇಡಾರಿನ ಉಪಗ್ರಹಗಳುಂಟು. ಅವು ತಾವೇ ಕಿರಣಗಳನ್ನು ಬಿಟ್ಟು ಮೋಡದ ಮರೆಯಲ್ಲಿಯೂ ನೋಡಬಲ್ಲವು. ಲ್ಯಾಂಡ್‌ಸ್ಯಾಟಿನ ಹಳೆಯ ಚಿತ್ರಗಳನ್ನೆಲ್ಲ 2008ರಿಂದ ಲೋಕಕ್ಕೆ ಉಚಿತವಾಗಿ ಕೊಟ್ಟುದರಿಂದ ಈ ಹೋಲಿಕೆಯ ವಿದ್ಯೆಯು ಬಡ ದೇಶಗಳ ಪಂಡಿತರಿಗೂ ಎಟುಕುವಂತಾಯಿತು.

ಈ ವಿದ್ಯೆಯ ಬಲವು ಪೆರು ದೇಶದ ಮಾದ್ರೆ ದೆ ದಿಯೋಸ್ ಎಂಬ ಅರಣ್ಯ ಪ್ರಾಂತದಲ್ಲಿ ಸ್ಫುಟವಾಗಿ ಪ್ರಕಟವಾಯಿತು. ಅಮೆರಿಕದ ಕಾರ್ನೆಗಿ ಸಂಸ್ಥೆಯ ವಿಜ್ಞಾನಿಗಳು ಉಪಗ್ರಹದ ಚಿತ್ರಗಳನ್ನೂ ನೆಲದ ಮೇಲಿನ ತಪಾಸಣೆಯನ್ನೂ ಜೋಡಿಸಿ 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1999ರಲ್ಲಿ 10,000 ಹೆಕ್ಟೇರಿಗೂ ಕಡಮೆಯಿದ್ದ ಚಿನ್ನದ ಗಣಿಯ ನೆಲವು 2012ಕ್ಕೆ 50,000 ಹೆಕ್ಟೇರನ್ನು ಮೀರಿದ್ದಿತು. ಅದುವರೆಗೆ ಯಾರ ಲೆಕ್ಕಕ್ಕೂ ಬಾರದಿದ್ದ ಗುಟ್ಟಿನ ಸಣ್ಣ ಗಣಿಗಳೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು. 2008ರ ಜಾಗತಿಕ ಆರ್ಥಿಕ ಕುಸಿತವಾಗಿ ಚಿನ್ನದ ಬೆಲೆ ಏರಿದ ಮೇಲೆ ಕಾಡಿನ ನಾಶವು ಮೂರು ಪಟ್ಟಾಯಿತು. ಎಂದರೆ, ದೂರದ ಪೇಟೆಯಲ್ಲಿ ಬೆಲೆ ಏರಿದುದರ ಫಲವು ಯಾವುದೋ ಕಾಡಿನ ಹೊಳೆಯ ದಡದಲ್ಲಿ ಹೊಂಡವಾಗಿ ಕಾಣಿಸಿಕೊಂಡಿತು. ಪೆರುವಿನ ಸರ್ಕಾರವು 2019ರಲ್ಲಿ ಸೈನ್ಯವನ್ನು ಕಳುಹಿಸಿ ಲಾ ಪಾಂಪ ಎಂಬಲ್ಲಿಯ ಗಣಿಗಾರರನ್ನು ಎಬ್ಬಿಸಿತು. ಘಾನಾ ದೇಶದಲ್ಲಿ ಇಂಥ ಗಣಿಗಾರಿಕೆಗೆ ಗಲಾಮ್ಸೆ ಎಂದು ಹೆಸರು. ಕೋಕೋ ತೋಟಗಳೂ ಹೊಳೆಗಳೂ ಅದರಿಂದ ಕೆಟ್ಟಿವೆ. ಬ್ರೆಜಿಲಿನ ಯಾನೊಮಾಮಿ ಎಂಬ ಮೂಲನಿವಾಸಿಗಳ ನಾಡಿನಲ್ಲಿ ಕಳ್ಳ ಗಣಿಗಾರಿಕೆಯ ಹಾವಳಿಯಿಂದ ಹಸಿವೂ ರೋಗವೂ ಮಿತಿಮೀರಿದಾಗ ಅಲ್ಲಿಯ ಸರ್ಕಾರವು 2023ರ ಜನವರಿಯಲ್ಲಿ ಆರೋಗ್ಯದ ತುರ್ತುಸ್ಥಿತಿಯನ್ನು ಸಾರಬೇಕಾಯಿತು.

ಈ ಹಾವಳಿಯಲ್ಲಿ ಅತಿ ಕ್ರೂರವಾದುದು ಪಾದರಸ. ಮಣ್ಣಿನಲ್ಲಿರುವ ಚಿನ್ನದ ಸೂಕ್ಷ್ಮ ಕಣಗಳನ್ನು ಪಾದರಸವು ತನ್ನಲ್ಲಿ ಕೂಡಿಸಿಕೊಳ್ಳುತ್ತದೆ. ಆ ಮುದ್ದೆಯನ್ನು ಕಾಯಿಸಿದರೆ ಪಾದರಸವು ಆವಿಯಾಗಿ ಹೋಗಿ ಚಿನ್ನವು ಉಳಿಯುತ್ತದೆ. ಆ ಆವಿಯನ್ನು ಉಸಿರಾಡುವವನು ಕಾಯಿಸುವವನೇ, ಅವನ ಪಕ್ಕದಲ್ಲಿ ಕುಳಿತ ಮಕ್ಕಳೇ. ಉಳಿದುದು ಹೊಳೆಗೆ ಸೇರಿ ಮೀನಿನ ಮೂಲಕ ಊಟದ ಎಲೆಗೆ ಬರುತ್ತದೆ. ಮನುಷ್ಯರು ಗಾಳಿಗೆ ಬಿಡುವ ಪಾದರಸದಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕುದು ಇಂಥ ಸಣ್ಣ ಚಿನ್ನದ ಗಣಿಗಳಿಂದ ಬರುವುದೆಂದು ವಿಶ್ವಸಂಸ್ಥೆಯ 2018ರ ಲೆಕ್ಕವು ತೋರಿಸಿತು. ಇದನ್ನು ತಡೆಯಲು 2013ರಲ್ಲಿ ರಚಿತವಾದ ಮಿನಮಾಟ ಒಪ್ಪಂದವು 2017ರಲ್ಲಿ ಜಾರಿಗೆ ಬಂದಿತು. ಭಾರತವು 2018ರಲ್ಲಿ ಅದನ್ನು ಅಂಗೀಕರಿಸಿತು. ಆ ಒಪ್ಪಂದದ ವಿವೇಕವು ಗಮನಿಸತಕ್ಕುದು: ಸಣ್ಣ ಗಣಿಗಾರರನ್ನು ಓಡಿಸಿರೆಂದಷ್ಟೇ ಅದು ಹೇಳುವುದಿಲ್ಲ, ಅವರ ಕಸುಬನ್ನು ಕ್ರಮಬದ್ಧಗೊಳಿಸುವ ಮಾರ್ಗವನ್ನೂ ಯೋಜಿಸಬೇಕೆಂದು ವಿಧಿಸುತ್ತದೆ.

ಭಾರತದಲ್ಲಿ ಗಣಿಗಳ ಮೇಲೆ ಉಪಗ್ರಹದ ಕಾವಲು ವ್ಯವಸ್ಥಿತವಾಗಿ ಬಂದುದು 2016ರ ಅಕ್ಟೋಬರಿನಲ್ಲಿ. ಕೇಂದ್ರದ ಗಣಿ ಮಂತ್ರಾಲಯವು ಆಗ ಆರಂಭಿಸಿದ ವ್ಯವಸ್ಥೆಯಂತೆ, ಗುತ್ತಿಗೆಯ ಎಲ್ಲೆಯಿಂದ 500 ಮೀಟರುಗಳವರೆಗಿನ ನೆಲದ ಚಿತ್ರಗಳನ್ನು ಪರೀಕ್ಷಿಸಿ, ಅಸಹಜವಾದ ಬದಲಾವಣೆಯು ಕಂಡರೆ ರಾಜ್ಯದ ಅಧಿಕಾರಿಗಳಿಗೆ ಎಚ್ಚರಿಕೆಯು ಹೋಗುತ್ತದೆ. ಅವರು ಸ್ಥಳಕ್ಕೆ ಹೋಗಿ ನಿಜಸ್ಥಿತಿಯನ್ನು ನೋಡಬೇಕು. ಇದರ ಅಗತ್ಯವನ್ನು ಕರ್ನಾಟಕದವರಿಗೆ ವಿವರಿಸಬೇಕಾಗಿಲ್ಲ. ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಳು ಎಲ್ಲೆಗಳನ್ನು ದಾಟಿದ ಕಥೆ 2011ರ ಲೋಕಾಯುಕ್ತ ವರದಿಯಲ್ಲಿ ದಾಖಲಾಗಿದೆ. ಆ ವರ್ಷದ ಜುಲೈ 29ರಂದು ಸುಪ್ರೀಂ ಕೋರ್ಟು ಅಲ್ಲಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಎಲ್ಲೆಯನ್ನು ಮೀರಿದ ಪ್ರಮಾಣವನ್ನು ಅನುಸರಿಸಿ ಗುತ್ತಿಗೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ಅಲ್ಲಿ ಎಲ್ಲೆಯ ಕಲ್ಲನ್ನು ದಾಟಿದವರು ಮರಿಗೆ ಹಿಡಿದವರಾಗಿರಲಿಲ್ಲ.

ಹೀಗಿರಲು ಆಕಾಶದ ಕಣ್ಣಿನ ಬಲವನ್ನೂ ಮಿತಿಯನ್ನೂ ಕೂಡಿಸಿ ತೂಗಬೇಕು. ಅದಕ್ಕೆ ದಾಕ್ಷಿಣ್ಯವಿಲ್ಲ, ಲಂಚವಿಲ್ಲ, ಬೆದರಿಕೆಯಿಲ್ಲ. ಅದು ನಿನ್ನೆಯ ಚಿತ್ರವನ್ನು ಮರೆಯುವುದಿಲ್ಲ. ದೊಡ್ಡವರ ಅತಿಕ್ರಮಣವನ್ನು ಬಯಲಿಗೆ ತರಲು ಇದಕ್ಕಿಂತ ಉತ್ತಮ ಸಾಕ್ಷಿಯು ದುರ್ಲಭ. ಆದರೆ ಅದು ಗುಂಡಿಯನ್ನು ಕಾಣುತ್ತದೆಯೇ ಹೊರತು ಗುಂಡಿಗೆ ಇಳಿದವನನ್ನು ಅರಿಯದು. ಕೆರೆಯ ಹೂಳನ್ನು ತೆಗೆದವನಿಗೂ ಇಟ್ಟಿಗೆಗೆ ಮಣ್ಣು ಅಗೆದವನಿಗೂ ಚಿನ್ನಕ್ಕೆ ತೋಡಿದವನಿಗೂ ಇರುವ ಭೇದವನ್ನು ಅದು ತಾನಾಗಿ ನಿರ್ಣಯಿಸಲಾರದು. ಮಾರಿಕುಪ್ಪದಲ್ಲಿ ಸತ್ತವರು ಇಳಿದ ಕತ್ತಲೆಯೊಳಕ್ಕೆ ಯಾವ ಉಪಗ್ರಹದ ನೋಟವೂ ಹೋಗಲಾರದು. ಸಾಲ ತೀರಿಸಲು ತೋಡಿದನೋ, ಯಾವನೋ ಸಾಹುಕಾರನ ಕೂಲಿಯಾಗಿ ತೋಡಿದನೋ, ಬೇಸಗೆಯಲ್ಲಿ ಬೇರೆ ಕೆಲಸವಿಲ್ಲದೆ ತೋಡಿದನೋ ಎಂಬುದು ಚಿತ್ರದಲ್ಲಿ ಮೂಡುವುದಿಲ್ಲ. ವಾರನ್ನನ ದುರ್ಬೀನಿಗೆ ಉರಿಗಾಮಿನ ಹೆಂಗಸರ ನೆರವು ಬೇಕಾದಂತೆಯೇ ಉಪಗ್ರಹಕ್ಕೂ ನೆಲದ ಮೇಲೆ ನಡೆದು, ಜನರನ್ನು ಮಾತನಾಡಿಸಿ, ಕೇಳಿ ತಿಳಿಯುವವನ ನೆರವು ಬೇಕು. ಅಂಥವನಿಲ್ಲದೆ ಚಿತ್ರವನ್ನು ಮಾತ್ರ ನಂಬಿ ದಂಡವನ್ನು ವಿಧಿಸಿದರೆ, ಮೊದಲು ಸಿಕ್ಕಿಬೀಳುವವನು ಓಡಲಾರದ ಬಡವನೇ.

ಈ ಚಿತ್ರಗಳಿಂದ ಇನ್ನೊಂದು ಪ್ರಯೋಜನವೂ ಉಂಟು. ಅದು ಚರಿತ್ರಕಾರನಿಗೆ ಸೇರಿದುದು. ಹಳೆಯ ತೋಡುಗಳು ಸಾಲಾಗಿ ಶಿಲಾಪಟ್ಟಿಯ ಜಾಡಿನಲ್ಲಿ ಇರುತ್ತವೆ. ಮುಚ್ಚಿಹೋದ ಗುಂಡಿಯ ಮೇಲಿನ ಮಣ್ಣು ತೇವವನ್ನು ಬೇರೆ ರೀತಿಯಲ್ಲಿ ಹಿಡಿದಿಟ್ಟುಕೊಂಡು, ಅಲ್ಲಿಯ ಹುಲ್ಲೂ ಪೈರೂ ಸುತ್ತಣವುಗಳಿಗಿಂತ ಬೇರೆಯಾಗಿ ತೋರುವುದುಂಟು. ನೆಲದ ಮೇಲೆ ನಿಂತವನಿಗೆ ಬರಿಯ ತಗ್ಗಾಗಿ ಕಂಡುದು ಮೇಲಿನಿಂದ ಒಂದು ಸಾಲಾಗಿ, ಒಂದು ಯೋಜನೆಯಾಗಿ ಕಾಣಬಹುದು. ನುಗ್ಗೇಹಳ್ಳಿ ಹೊಳೆನರಸೀಪುರಗಳ ಪಟ್ಟಿಗಳಲ್ಲಿ ಉಳಿದಿರುವ ಹಳೆಯ ಗುಂಡಿಗಳು ಉಳುಮೆಯಿಂದಲೂ ತೋಟಗಳಿಂದಲೂ ರಸ್ತೆಗಳಿಂದಲೂ ಮುಚ್ಚಿಹೋಗುವ ಮೊದಲು, ಅವುಗಳನ್ನು ಮೇಲಿನ ಚಿತ್ರದಲ್ಲಿ ಗುರುತಿಸಿ, ಸ್ಥಳಕ್ಕೆ ಹೋಗಿ ಅಳೆದು, ಸುತ್ತಮುತ್ತಲಿನ ಹಿರಿಯರ ಬಾಯಿಂದ ಹೊಲದ ಹೆಸರನ್ನೂ ಹಳ್ಳದ ಹೆಸರನ್ನೂ ಕೇಳಿ ಬರೆದಿಡುವುದು ಜಿಲ್ಲೆಯ ವಿದ್ಯಾವಂತರಿಗೆ ಸಾಧ್ಯವಾದ ಕೆಲಸ. ಇದಕ್ಕೆ ಹೆಚ್ಚಿನ ಧನವು ಬೇಕಿಲ್ಲ. ಶ್ರದ್ಧೆಯೂ ಕಾಲ್ನಡಿಗೆಯೂ ಸಾಕು. ಗದ್ಯಾಣವನ್ನು ಕೊಟ್ಟವರ ಹೆಸರನ್ನು ಕಲ್ಲು ಕಾಪಾಡಿಕೊಂಡು ಬಂದಿದೆ. ಅದನ್ನು ನೆಲದಿಂದ ಎತ್ತಿದವರ ಹೆಸರು ಇನ್ನು ದೊರೆಯಲಾರದಾದರೂ, ಅವರು ಬೆವರು ಸುರಿಸಿದ ಸ್ಥಳವಾದರೂ ಮುಂದಿನವರಿಗೆ ತಿಳಿದಿರಲಿ.